ಮನೆಯಲ್ಲಿ ಪಾಡ್‌ಕಾಸ್ಟ್, ಧ್ವನಿಮುದ್ರಣ: ಮೈಕ್ ಆರಿಸುವ ಕೆಲಸ ಒಂದೊಂದೇ ಹಂತವಾಗಿ

ದಾವಣಗೆರೆಯಲ್ಲಿ ಪಾಠ, ಕಥೆ, ವಚನ ವಾಚನ ಅಂತ ಮನೆಯಲ್ಲೇ ಧ್ವನಿಮುದ್ರಣ ಶುರುಮಾಡಿದವರು ನನ್ನ ಹತ್ತಿರ ತರುವ ದೂರು ಹೆಚ್ಚುಕಡಿಮೆ ಒಂದೇ. "ಮೈಕ್ ಹೊಸದು ರೀ, ಆದ್ರೂ ಧ್ವನಿ ಬಾವಿಯೊಳಗಿಂದ ಬಂದಂಗೆ ಬರ್ತದೆ." ಕೇಳಿಸಿಕೊಂಡರೆ ಮಾತಿನ ಹಿಂದೆ ಫ್ಯಾನಿದೆ, ಕುಕ್ಕರಿನ ಸೀಟಿ ಇದೆ, ಬೀದಿಯಲ್ಲಿ ಹೋಗುವ ತರಕಾರಿ ಗಾಡಿಯವರ ಕೂಗೂ ಇದೆ. ಮೈಕ್ ಸರಿಯಿಲ್ಲ ಎಂದುಕೊಂಡು ಇನ್ನೊಂದು ದುಬಾರಿ ಮೈಕ್ ತರುತ್ತಾರೆ. ಅದು ಮಾತನ್ನೂ ಕೂಗನ್ನೂ ಮೊದಲಿಗಿಂತ ಚೆನ್ನಾಗಿ ಹಿಡಿಯುತ್ತದೆ. ಹೀಗೆ ಮೂರು ಮೈಕ್ ಕೊಂಡವರನ್ನು ನೋಡಿದ್ದೇನೆ. ಮೂರನೆಯದರ ನಂತರ ಅವರು ಪಾಠ ಮಾಡುವುದನ್ನೇ ಬಿಟ್ಟರು. ಅದು ನನಗೆ ಬಹಳ ನೋವು ಕೊಟ್ಟ ಸಂಗತಿ.

ತಪ್ಪಿರುವುದು ಕೆಲಸದ ಸರದಿಯಲ್ಲಿ. ಮೈಕ್ ಕೊಂಡ ಮೇಲೆ ಮನೆಯ ಸದ್ದು ಕೇಳಿಸಿಕೊಳ್ಳುತ್ತಾರೆ. ಮನೆಯ ಸದ್ದು ಕೇಳಿಸಿಕೊಂಡು ಮೈಕ್ ಆರಿಸಬೇಕು. ಕೆಳಗಿನ ಹಂತಗಳನ್ನು ಬರೆದ ಸರದಿಯಲ್ಲೇ ಮಾಡಿ. ನಾಲ್ಕನೆಯ ಹಂತ ಮುಟ್ಟುವ ತನಕ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

## ಮೊದಲು ಕೈಗೆ ಬೇಕಾದ ಸಾಮಾನು

ನಿಮ್ಮ ಫೋನು, ವೈರ್ ಇರುವ ಇಯರ್‌ಫೋನ್, ಎರಡು ದಪ್ಪ ಕಂಬಳಿ ಅಥವಾ ಕೌದಿ, ಒಂದು ಪುಸ್ತಕ, ಪೆನ್ನು. ಲ್ಯಾಪ್‌ಟಾಪ್ ಇದ್ದರೆ ಅದರಲ್ಲಿ ಆಡಾಸಿಟಿ ಹಾಕಿಕೊಳ್ಳಿ. ಅದು ಉಚಿತ ತಂತ್ರಾಂಶ, ಧ್ವನಿಯ ಮಟ್ಟವನ್ನು ಡೆಸಿಬೆಲ್‌ನಲ್ಲಿ, ಅಂದರೆ ಸದ್ದು ಅಳೆಯುವ ಮಾನದಲ್ಲಿ, ತೋರಿಸುತ್ತದೆ. ಬ್ಲೂಟೂತ್ ಇಯರ್‌ಫೋನ್ ಈ ಕೆಲಸಕ್ಕೆ ಬೇಡ. ಅದರಲ್ಲಿ ಧ್ವನಿ ತಡವಾಗಿ ಕೇಳುತ್ತದೆ, ಸಣ್ಣ ಸದ್ದುಗಳು ತಪ್ಪಿಹೋಗುತ್ತವೆ.

## ಹಂತ 1: ಮೂರು ಪ್ರಶ್ನೆಗೆ ಉತ್ತರ ಬರೆದಿಡಿ

ಎಷ್ಟು ಜನ ಮಾತನಾಡುತ್ತೀರಿ? ಫೋನಿಗೆ ಜೋಡಿಸುತ್ತೀರೋ ಲ್ಯಾಪ್‌ಟಾಪಿಗೋ? ಮಾತನಾಡುವಾಗ ಒಂದೇ ಕಡೆ ಕೂರುತ್ತೀರೋ, ಹಲಗೆಯ ಮುಂದೆ ಓಡಾಡುತ್ತೀರೋ?

ಉತ್ತರ ಮನಸ್ಸಿನಲ್ಲಿದ್ದರೆ ಸಾಲದು, ಕಾಗದದ ಮೇಲಿರಲಿ. ಅಂಗಡಿಯಲ್ಲಿ ನಿಂತಾಗ "ಮುಂದೆ ನಾಲ್ಕು ಜನ ಕೂತು ಮಾತಾಡಬಹುದು" ಎಂಬ ಆಸೆ ಹುಟ್ಟಿ, ಬೇಡದ ಪೆಟ್ಟಿಗೆ ಮನೆಗೆ ಬರುತ್ತದೆ.

## ಹಂತ 2: ಮನೆಯ ಮೌನವನ್ನು ಧ್ವನಿಮುದ್ರಿಸಿ

ಫೋನಿನ ರೆಕಾರ್ಡರ್ ತೆರೆಯಿರಿ. ಅದರ ಸೆಟ್ಟಿಂಗ್‌ನಲ್ಲಿ ಗದ್ದಲ ತಗ್ಗಿಸುವ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ, ಇಲ್ಲದಿದ್ದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಮುದ್ರಣ ಮಾಡಬೇಕೆಂದಿರುವ ಜಾಗದಲ್ಲಿ ಕೂತು, ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿಟ್ಟು, ಮೊದಲ 30 ಸೆಕೆಂಡು ಸುಮ್ಮನಿರಿ. ಮುಂದಿನ 30 ಸೆಕೆಂಡು ನಿಮ್ಮ ಸಹಜ ದನಿಯಲ್ಲಿ ಓದಿ. ಬೆಳಗ್ಗೆ 6ಕ್ಕೆ, ಮಧ್ಯಾಹ್ನ 2ಕ್ಕೆ, ರಾತ್ರಿ 10ಕ್ಕೆ ಹೀಗೆ ಮೂರು ಹೊತ್ತು ಮಾಡಿ.

ಇಯರ್‌ಫೋನ್ ಹಾಕಿ ಕೇಳುವಾಗ ಸುಮ್ಮನಿದ್ದ ಭಾಗದಲ್ಲಿ ಏನೇನು ಕೇಳುತ್ತದೆ ಎಂದು ಪಟ್ಟಿ ಮಾಡಿ. ದಿನಾ ಬದುಕುವ ಮನೆಯ ಸದ್ದು ನಮ್ಮ ಕಿವಿಗೆ ಬೀಳುವುದೇ ಇಲ್ಲ, ಮೈಕಿಗೆ ಬೀಳುತ್ತದೆ. ಫ್ರಿಜ್ಜಿನ ಗುಂಯ್‌ಗುಡುವಿಕೆ, ಕರೆಂಟ್ ಹೋದಾಗ ಇನ್ವರ್ಟರ್ ಹೊರಡಿಸುವ ಸದ್ದು, ಮಹಡಿಯ ಟ್ಯಾಂಕಿಗೆ ನೀರು ಬೀಳುವ ಶಬ್ದ, ಕಸದ ಗಾಡಿಯ ಹಾಡು. ದಾವಣಗೆರೆಯಲ್ಲಿ ರೈಲು ಹಳಿ ಊರ ನಡುವೆಯೇ ಹಾದುಹೋಗುತ್ತದೆ. ಅಶೋಕ ಟಾಕೀಸಿನ ಆಸುಪಾಸಿನವರಿಗೆ ರೈಲಿನ ಶಿಳ್ಳೆ ಪಟ್ಟಿಯ ಮೊದಲ ಸಾಲಿನಲ್ಲೇ ಬರುತ್ತದೆ. ಚಿತ್ರದುರ್ಗದವರಿಗೆ ಗಾಳಿಯದೇ ಚಿಂತೆ. ಜೋಗಿಮಟ್ಟಿ ಸಾಲಿನ ಮೇಲೆ ಗಾಳಿಯಂತ್ರ ತಿರುಗುವ ಊರಲ್ಲಿ ಕಿಟಕಿಯ ಸಂದಿಯಿಂದ ಸುಂಯ್ ಅನ್ನುವ ಸದ್ದು ನುಗ್ಗದೆ ಇರುತ್ತದೆಯೇ?

ಪಟ್ಟಿಯನ್ನು ಎರಡಾಗಿ ಒಡೆಯಿರಿ: ನಾನು ಆರಿಸಬಲ್ಲವು, ಆರಿಸಲಾಗದವು. ಫ್ರಿಜ್ ಆರಿಸಬಹುದು. ಆರಿಸಿದಾಗ ಮನೆಯ ಬೀಗದ ಕೈಯನ್ನು ಅದರೊಳಗೇ ಇಡಿ, ಮತ್ತೆ ಹಾಕಲು ಮರೆಯುವುದಿಲ್ಲ. ಫ್ಯಾನಿನ ವಿಷಯ ಬೇರೆ. ಏಪ್ರಿಲ್ ಬಿಸಿಲಿಗೆ ಫ್ಯಾನಿಲ್ಲದೆ ಒಂದು ಗಂಟೆ ಕೂರುವುದು ಆಗದ ಮಾತು. ಹತ್ತು ನಿಮಿಷದ ತುಂಡು ತುಂಡಾಗಿ ಮುದ್ರಿಸಿ, ನಡುನಡುವೆ ಫ್ಯಾನ್ ಹಾಕಿಕೊಳ್ಳಿ. "ಫ್ಯಾನ್ ಸದ್ದನ್ನು ಆಮೇಲೆ ತಂತ್ರಾಂಶದಲ್ಲಿ ತೆಗೆಯುತ್ತೇನೆ" ಎನ್ನುವವರೇ ಹೆಚ್ಚು. ಸ್ವಲ್ಪ ತೆಗೆದರೆ ಪರವಾಗಿಲ್ಲ, ಹೆಚ್ಚು ತೆಗೆದರೆ ದನಿ ನೀರಿನೊಳಗಿಂದ ಬಂದ ಹಾಗಾಗುತ್ತದೆ, ಸ-ಶ ಅಕ್ಷರಗಳು ಸವೆದುಹೋಗುತ್ತವೆ.

ಇನ್ನು ಅಳತೆ. ಅದೇ ಮುದ್ರಣವನ್ನು ಆಡಾಸಿಟಿಯಲ್ಲಿ ತೆರೆದು, ಮಾತಿನ ಮೇಲ್ಮಟ್ಟಕ್ಕೂ ಸುಮ್ಮನಿದ್ದ ಭಾಗದ ಮಟ್ಟಕ್ಕೂ ಎಷ್ಟು ಅಂತರ ಇದೆ ನೋಡಿ. ನಾನು ಇಟ್ಟುಕೊಂಡಿರುವ ಲೆಕ್ಕ ಇದು: 50 ಡೆಸಿಬೆಲ್ ದಾಟಿದರೆ ಮನೆ ಶಾಂತ, 40ರಿಂದ 50ರ ನಡುವೆ ಇದ್ದರೆ ಹುಷಾರಾಗಿ ಮಾಡಬಹುದು, 40ಕ್ಕಿಂತ ಕಡಿಮೆ ಇದ್ದರೆ ಆ ಜಾಗ ಅಥವಾ ಆ ಹೊತ್ತು ಬದಲಾಯಿಸಿ.

## ಹಂತ 3: ಕೋಣೆ ಆರಿಸಿ, ಮಾರ್ದನಿ ಕಡಿಮೆ ಮಾಡಿ

ಪ್ರತಿ ಕೋಣೆಯ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ಹಿಂದೆಯೇ ಝಣ್ ಎಂದು ಬಾಲದಂಥ ಸದ್ದು ಬಂದರೆ ಅಲ್ಲಿ ಕೂರಬೇಡಿ. ಈಗಿನ ಮನೆಗಳ ಹಾಲ್‌ಗಳಲ್ಲಿ ನುಣುಪು ಟೈಲ್ಸ್, ಬೋಳು ಗೋಡೆ, ಮೇಲೆ ಆರ್‌ಸಿಸಿ. ಮಾತು ಮೂರೂ ಕಡೆ ಬಡಿದು ಮರಳಿ ಬರುತ್ತದೆ. ಬಾವಿಯೊಳಗಿನ ದನಿ ಎನ್ನುವುದು ಇದನ್ನೇ. ಯಾವ ಮೈಕೂ ಇದನ್ನು ಸರಿಮಾಡಲಾರದು.

ಹಾಸಿಗೆ, ಬಟ್ಟೆ ತುಂಬಿದ ಬೀರು, ದಪ್ಪ ಪರದೆ ಇರುವ ಮಲಗುವ ಕೋಣೆಯೇ ಸಾಮಾನ್ಯವಾಗಿ ಒಳ್ಳೆಯದು. ಬೀರುವಿನ ಬಾಗಿಲು ತೆರೆದಿಟ್ಟರೆ ಸೀರೆಗಳೂ ಮಾರ್ದನಿಯನ್ನು ಹೀರುತ್ತವೆ. ಅದರ ಮೇಲೆ ನನ್ನ ಮೆಚ್ಚಿನ ಸಾಮಾನು ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ. ಒತ್ತಾಗಿ ನೇಯ್ದ ಉಣ್ಣೆ, ಒಳ್ಳೆಯ ತೂಕ. ಅದನ್ನು ಗೋಡೆಗೆ ಅಂಟಿಸಿದ ಹಾಗೆ ಕಟ್ಟಬೇಡಿ, ಒಂದು ಗೇಣು ಬಿಟ್ಟು ಹಗ್ಗದ ಮೇಲೆ ಇಳಿಬಿಡಿ. ಹಿಂದೆ ಗಾಳಿಯ ಸಂದಿಯಿದ್ದರೆ ಅದು ದಪ್ಪ ದನಿಯ ಮಾರ್ದನಿಯನ್ನೂ ಹೆಚ್ಚು ಹೀರುತ್ತದೆ.

ಎಲ್ಲಿ ಕಟ್ಟಬೇಕು ಎನ್ನುವಲ್ಲಿ ಬಹಳ ಜನ ಎಡವುತ್ತಾರೆ. ಮೈಕಿನ ಹಿಂದಿನ ಗೋಡೆಗೆ ಕಟ್ಟುತ್ತಾರೆ. ಮೈಕ್ ನೋಡುತ್ತಿರುವುದು ನಿಮ್ಮ ಕಡೆ, ನಿಮ್ಮ ಬೆನ್ನ ಹಿಂದಿನ ಗೋಡೆಯಿಂದ ಬರುವ ಸದ್ದು ನೇರ ಅದರ ಬಾಯಿಗೇ ಬೀಳುತ್ತದೆ. ಮೊದಲ ಕಂಬಳಿ ಬೆನ್ನ ಹಿಂದೆ, ಎರಡನೆಯದು ಪಕ್ಕಕ್ಕೆ. ಪರದೆ ಎಳೆಯದ ಕಿಟಕಿಯ ಗಾಜಿಗೆ ಮುಖಮಾಡಿ ಕೂರಬೇಡಿ, ಮೂಲೆಯಲ್ಲೂ ಕೂರಬೇಡಿ.

ಮೊಟ್ಟೆಯ ಟ್ರೇ ಅಂಟಿಸುವುದರಿಂದ ಉಪಯೋಗ ಇಲ್ಲವೆನ್ನುವಷ್ಟು ಕಡಿಮೆ. ಬೆರಳು ದಪ್ಪದ ಫೋಮ್ ತುಂಡುಗಳು ತೀಕ್ಷ್ಣ ಸದ್ದನ್ನು ಮಾತ್ರ ಹೀರಿ, ದಪ್ಪ ದನಿಯನ್ನು ಹಾಗೇ ಬಿಡುತ್ತವೆ. ಇನ್ನೊಂದು ಮಾತು ನೆನಪಿರಲಿ: ಕಂಬಳಿ ಒಳಗಿನ ಮಾರ್ದನಿಯನ್ನು ತಗ್ಗಿಸುತ್ತದೆ, ಹೊರಗಿನ ರೈಲನ್ನಲ್ಲ. ಹೊರಗಿನ ಸದ್ದಿಗೆ ಮದ್ದು ಎಂದರೆ ಮುಚ್ಚಿದ ಕಿಟಕಿ, ಸರಿಯಾದ ಹೊತ್ತು ಮತ್ತು ಮುಂದಿನ ಹಂತ.

## ಹಂತ 4: ಡೈನಾಮಿಕ್ಕೋ ಕಂಡೆನ್ಸರೋ ನಿರ್ಧರಿಸಿ

ಡೈನಾಮಿಕ್ ಮೈಕಿನಲ್ಲಿ ತೆಳು ಪೊರೆಗೆ ತಂತಿಯ ಸುರುಳಿ ಅಂಟಿರುತ್ತದೆ. ಅದು ಅಯಸ್ಕಾಂತದ ನಡುವೆ ಅಲುಗಿ ವಿದ್ಯುತ್ ಹುಟ್ಟಿಸುತ್ತದೆ. ಸುರುಳಿಯ ಭಾರದಿಂದಾಗಿ ಸಣ್ಣ ಸದ್ದಿಗೆ ಅದು ಅಷ್ಟಾಗಿ ಮಿಸುಕುವುದಿಲ್ಲ. ಕಂಡೆನ್ಸರಿನಲ್ಲಿ ಹಗುರ ಪೊರೆ, ಎದುರಿಗೊಂದು ತಟ್ಟೆ, ನಡುವೆ ವಿದ್ಯುತ್ ಚಾರ್ಜು. ಉಸಿರಿಗೂ ಸ್ಪಂದಿಸುತ್ತದೆ, ಅದಕ್ಕೇ ಸೂಕ್ಷ್ಮವಾಗಿ ಹಿಡಿಯುತ್ತದೆ.

ಹಾಗೆಂದು ಡೈನಾಮಿಕ್ ಮೈಕ್ ತಾನಾಗಿ ಗದ್ದಲವನ್ನು ಬೇರ್ಪಡಿಸುತ್ತದೆ ಎಂದು ನಂಬಬೇಡಿ. ಅಂಗಡಿಯಲ್ಲಿ ಹಾಗೆ ಹೇಳಿ ಮಾರುತ್ತಾರೆ. ಗದ್ದಲ ತಗ್ಗಿಸುವುದು ಬಾಯಿಗೂ ಮೈಕಿಗೂ ಇರುವ ದೂರ. ದೂರ ಎರಡರಷ್ಟಾದಾಗಲೆಲ್ಲ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಗದ್ದಲ ಮಾತ್ರ ಇದ್ದಲ್ಲೇ ಇರುತ್ತದೆ. ನಾಲ್ಕು ಬೆರಳು, ಅಂದರೆ ಏಳೆಂಟು ಸೆಂಟಿಮೀಟರ್ ದೂರದಲ್ಲಿದ್ದ ಮೈಕನ್ನು ಎರಡು ಅಡಿ ಆಚೆಗಿಟ್ಟರೆ 18 ಡೆಸಿಬೆಲ್ ಕಳೆದುಕೊಂಡ ಹಾಗೆ. ಡೈನಾಮಿಕ್ ಮೈಕಿಗೆ ಬಾಯಿ ಹತ್ತಿರ ತಂದೇ ಮಾತಾಡಬೇಕು, ಅದರ ಗುಟ್ಟು ಅಷ್ಟೇ. ಅದನ್ನೂ ಮೇಜಿನ ಆ ತುದಿಯಲ್ಲಿಟ್ಟು ಗೇನ್ (ಮೈಕಿನ ಸಂಕೇತವನ್ನು ಹಿಗ್ಗಿಸುವ ಮಟ್ಟ) ಏರಿಸಿದರೆ ಫ್ಯಾನಿನ ಸದ್ದೂ ಏರುತ್ತದೆ.

ನನ್ನ ತೀರ್ಮಾನ ಸ್ಪಷ್ಟವಾಗಿದೆ. ಹಂತ 2ರಲ್ಲಿ ಅಂತರ 50 ದಾಟಿ, ಹಂತ 3ರಲ್ಲಿ ಚಪ್ಪಾಳೆಗೆ ಬಾಲ ಬರದೆ ಇದ್ದರೆ ಕಂಡೆನ್ಸರ್ ತನ್ನಿ, ಕಥೆ ಹೇಳುವವರ ದನಿಯ ಏರಿಳಿತ ಅದರಲ್ಲಿ ಚೆನ್ನಾಗಿ ಮೂಡುತ್ತದೆ. ಮಿಕ್ಕವರೆಲ್ಲ ಡೈನಾಮಿಕ್ ತನ್ನಿ. ನಮ್ಮ ಊರುಗಳ ನಡುಮಧ್ಯದ ಮನೆಗಳಲ್ಲಿ ಹತ್ತರಲ್ಲಿ ಎಂಟು ಬಾರಿ ನಾನು ಹೇಳುವುದು ಡೈನಾಮಿಕ್ಕೇ.

ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡಲು ಒಂದು ದಾರಿಯಿದೆ. ಮದುವೆ, ಜಾತ್ರೆಗೆ ಮೈಕ್ ಸೆಟ್ ಬಾಡಿಗೆ ಕೊಡುವವರ ಹತ್ತಿರ ಡೈನಾಮಿಕ್ ಮೈಕ್ ಇದ್ದೇ ಇರುತ್ತದೆ. ಕಾರ್ಯಕ್ರಮ ಇಲ್ಲದ ದಿನ ಒಂದು ಮಧ್ಯಾಹ್ನಕ್ಕೆ, ಮೈಕ್ ಜೋಡಿಸುವ ಸಣ್ಣ ಮಿಕ್ಸರ್ ಸಮೇತ ಕೇಳಿ. ಬಾಯಿಗೆ ಹತ್ತಿರ ಹಿಡಿದು ಮಾತಾಡುವುದು ನಿಮಗೆ ಒಗ್ಗುತ್ತದೋ ಇಲ್ಲವೋ ಅವತ್ತೇ ಗೊತ್ತಾಗುತ್ತದೆ.

## ಹಂತ 5: ಮೈಕ್ ಯಾವ ದಿಕ್ಕಿಗೆ ಕಿವಿಗೊಡುತ್ತದೆ ನೋಡಿ

ಪೆಟ್ಟಿಗೆಯ ಮೇಲೆ ಕಾರ್ಡಿಯಾಯ್ಡ್ ಎಂದಿರಬೇಕು. ವೀಳ್ಯದೆಲೆಯನ್ನು ಮೇಜಿನ ಮೇಲೆ ಹಾಸಿದ್ದೀರಿ ಎಂದುಕೊಳ್ಳಿ. ತೊಟ್ಟು ಸೇರುವ ಜಾಗದಲ್ಲಿ ಮೈಕ್ ಇದೆ, ತುದಿಯ ಕಡೆ ನೀವಿದ್ದೀರಿ. ಎಲೆ ಹರಡಿದಷ್ಟು ಕಡೆ ಅದಕ್ಕೆ ಕೇಳುತ್ತದೆ, ತೊಟ್ಟಿನ ಹಿಂದೆ ಬಹಳ ಕಡಿಮೆ. ಆದ್ದರಿಂದ ಮೈಕಿನ ಬೆನ್ನು ಕಿಟಕಿಯ ಕಡೆಗೆ, ಲ್ಯಾಪ್‌ಟಾಪಿನ ಫ್ಯಾನಿನ ಕಡೆಗೆ ಇರಲಿ. ಆಮ್ನಿ ಎಂದಿದ್ದರೆ ಸುತ್ತಲೂ ಸಮವಾಗಿ ಕೇಳುತ್ತದೆ. ಅಂಗಿಗೆ ಸಿಕ್ಕಿಸುವ ಕ್ಲಿಪ್ ಮೈಕ್‌ಗಳಲ್ಲಿ ಹೆಚ್ಚಿನವು ಆಮ್ನಿ, ಅವಕ್ಕೆ ಶಾಂತ ಕೋಣೆಯೇ ಬೇಕು. ಓಡಾಡಿ ಪಾಠ ಮಾಡುವವರಿಗೆ ಮಾತ್ರ ಕ್ಲಿಪ್ ಮೈಕ್ ಅನಿವಾರ್ಯ.

ಒಂದು ತಪ್ಪನ್ನು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇನೆ. ಬ್ಲೂ ಯೆಟಿ, ಎಟಿ2020ಯಂಥ ಮೈಕ್‌ಗಳಿಗೆ ಪಕ್ಕದಿಂದ ಮಾತಾಡಬೇಕು. ಜನ ಐಸ್ ಕ್ಯಾಂಡಿ ಹಿಡಿದಂತೆ ತಲೆಯ ತುದಿಗೆ ಮಾತಾಡುತ್ತಾರೆ. ಆಗ ದನಿ ತೆಳುವಾಗಿ, ದೂರದಿಂದ ಬಂದಂತೆ ಕೇಳುತ್ತದೆ. ಅನುಮಾನ ಬಂದರೆ ಒಂದೇ ವಾಕ್ಯವನ್ನು ತುದಿಗೆ, ಮುಂದಿನ ಬದಿಗೆ, ಹಿಂದಿನ ಬದಿಗೆ ಹೇಳಿ ಮುದ್ರಿಸಿ. ಎಲ್ಲಿ ತುಂಬಿ ಬಂತೋ ಅದೇ ಮುಖ.

## ಹಂತ 6: ಜೋಡಣೆ ಹೊಂದುತ್ತದೆಯೇ ಖಚಿತಪಡಿಸಿಕೊಳ್ಳಿ

ಹಣ ನೀರುಪಾಲಾಗುವುದು ಹೆಚ್ಚಾಗಿ ಇಲ್ಲೇ, ನಿಧಾನವಾಗಿ ಓದಿ.

3.5 ಮಿಲಿಮೀಟರ್ ಪಿನ್. ಪಿನ್ನಿನ ಮೇಲಿನ ಕಪ್ಪು ಗೆರೆ ಎಣಿಸಿ. ಫೋನಿಗೆ ಹೊಂದುವ ಮೈಕ್ ಪಿನ್ನಿಗೆ ಮೂರು ಗೆರೆ, ಕ್ಯಾಮೆರಾಕ್ಕೆ ಮಾಡಿದ್ದಕ್ಕೆ ಎರಡು. ಎರಡು ಗೆರೆಯದನ್ನು ಫೋನಿಗೆ ಹಾಕಿದರೆ ಫೋನ್ ತನ್ನ ಸ್ವಂತ ಮೈಕಿನಿಂದಲೇ ಮುದ್ರಿಸುತ್ತಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಪರೀಕ್ಷೆ ಸುಲಭ: ಮುದ್ರಣ ನಡೆಯುವಾಗ ಕ್ಲಿಪ್ ಮೈಕನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಆಮೇಲೆ ಫೋನಿನ ತಳ ತಟ್ಟಿ. ಯಾವುದು ಡಬ್ ಎಂದು ಜೋರಾಗಿ ಕೇಳಿತೋ ಅದು ಮುದ್ರಿಸುತ್ತಿದೆ.

ಬೋಯಾ ಬಿವೈ-ಎಂ1 ತರಹದ ಕ್ಲಿಪ್ ಮೈಕ್‌ಗಳಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಫೋನಿಗಾದರೆ ಒಂದು ಕಡೆ, ಕ್ಯಾಮೆರಾಕ್ಕಾದರೆ ಇನ್ನೊಂದು ಕಡೆ. ಕ್ಯಾಮೆರಾದ ಕಡೆ ಇದ್ದಾಗ ಒಳಗಿನ ಗುಂಡಿ ಬ್ಯಾಟರಿ ಕೆಲಸ ಮಾಡುತ್ತಿರುತ್ತದೆ, ಮುಗಿದ ಮೇಲೆ ಆರಿಸದಿದ್ದರೆ ಖಾಲಿಯಾಗುತ್ತದೆ. ನಮ್ಮ ಅಜ್ಜಿಯ ಸೋಬಾನೆ ಪದಗಳನ್ನು ಅಂಥದೇ ಒಂದು ಮೈಕ್ ಹಾಕಿ ಕ್ಯಾಮೆರಾದಲ್ಲಿ ಒಂದೂವರೆ ತಾಸು ಹಿಡಿದೆ. ಬ್ಯಾಟರಿ ಮುಗಿದಿತ್ತು. ಇಯರ್‌ಫೋನ್ ಹಾಕಿ ಒಂದು ನಿಮಿಷ ಕೇಳಿದ್ದರೆ ತಿಳಿಯುತ್ತಿತ್ತು, ಕೇಳಲಿಲ್ಲ. ಆ ಪದಗಳನ್ನು ಮತ್ತೆ ಹಾಡಿಸಿಕೊಳ್ಳುವ ಅವಕಾಶ ನನಗೆ ಸಿಗಲಿಲ್ಲ. ಹಿರಿಯರ ದನಿ ಹಿಡಿಯಲು ಹೊರಟವರು ಮೊದಲು ಒಂದು ನಿಮಿಷ ಮುದ್ರಿಸಿ, ಕೇಳಿ, ಆಮೇಲೆ ಅವರನ್ನು ಕೂರಿಸಿ.

ಯುಎಸ್‌ಬಿ. ಒಬ್ಬರೇ, ಲ್ಯಾಪ್‌ಟಾಪಿನಲ್ಲಿ ಮಾಡುವವರಿಗೆ ಇದೇ ಸಾಕು. ಮೈಕಿನ ಮೇಲೇ ಇಯರ್‌ಫೋನ್ ತೂತು ಇರುವುದನ್ನೇ ತನ್ನಿ, ನಿಮ್ಮ ದನಿ ತಡವಿಲ್ಲದೆ ಕಿವಿಗೆ ಬೀಳುತ್ತದೆ. ಸ್ಯಾಮ್ಸನ್ ಕ್ಯೂ2ಯು, ಆಡಿಯೋ-ಟೆಕ್ನಿಕಾ ಎಟಿಆರ್2100ಎಕ್ಸ್ ಈ ಎರಡೂ ಡೈನಾಮಿಕ್, ಎರಡರಲ್ಲೂ ಯುಎಸ್‌ಬಿ ಜೊತೆಗೆ ಎಕ್ಸ್‌ಎಲ್‌ಆರ್ (ಮುಂದೆ ಹೇಳುವ ಮೂರು ಕಡ್ಡಿಯ ಜೋಡಣೆ) ಕೂಡ ಇದೆ. ಇವತ್ತು ನೇರ ಲ್ಯಾಪ್‌ಟಾಪಿಗೆ ಹಾಕಿ, ನಾಳೆ ಜೊತೆಗಾರರು ಸೇರಿದರೆ ಅದೇ ಮೈಕನ್ನು ಎಕ್ಸ್‌ಎಲ್‌ಆರ್‌ನಲ್ಲಿ ಬಳಸಿ. ಮೊದಲ ಮೈಕ್ ಕೊಳ್ಳುವವರಿಗೆ ನಾನು ಹೇಳುವುದು ಈ ಬಗೆಯದನ್ನೇ. ಫೋನಿಗೆ ಜೋಡಿಸುವವರು ಆ ಫೋನಿಗೆ ಒಟಿಜಿ (ಯುಎಸ್‌ಬಿ ಸಾಧನ ಜೋಡಿಸುವ ಸೌಲಭ್ಯ) ಇದೆಯೇ, ಮೈಕಿಗೆ ಬೇಕಾದಷ್ಟು ವಿದ್ಯುತ್ತನ್ನು ಅದು ಕೊಡುತ್ತದೆಯೇ ಎಂದು ಅಂಗಡಿಯಲ್ಲೇ ಹಾಕಿ ನೋಡಿ.

ಇಬ್ಬರು ಮಾತಾಡುವಾಗ ಎರಡು ಯುಎಸ್‌ಬಿ ಮೈಕ್ ತಂದು ಒಂದೇ ಲ್ಯಾಪ್‌ಟಾಪಿಗೆ ಸಿಕ್ಕಿಸುವುದು ಇನ್ನೊಂದು ಸಾಮಾನ್ಯ ತಪ್ಪು. ವಿಂಡೋಸ್‌ನಲ್ಲಿ ಆಡಾಸಿಟಿ ಒಂದು ಹೊತ್ತಿಗೆ ಒಂದೇ ಸಾಧನದಿಂದ ಮುದ್ರಿಸುತ್ತದೆ.

ಎಕ್ಸ್‌ಎಲ್‌ಆರ್. ಮೂರು ಕಡ್ಡಿಯ ದೊಡ್ಡ ಪಿನ್. ಇದಕ್ಕೆ ಆಡಿಯೋ ಇಂಟರ್‌ಫೇಸ್ (ಮೈಕಿನ ಸಂಕೇತವನ್ನು ಲ್ಯಾಪ್‌ಟಾಪಿಗೆ ದಾಟಿಸುವ ಪೆಟ್ಟಿಗೆ) ಅಥವಾ ಮಿಕ್ಸರ್ ಬೇಕು. ಇಬ್ಬರು, ಮೂವರು ಕೂತು ಮಾತಾಡುವುದಾದರೆ ಇದೇ ದಾರಿ: ಒಬ್ಬೊಬ್ಬರಿಗೆ ಒಂದೊಂದು ಮೈಕ್. ಮೈಕ್ ಮೈಕಿನ ನಡುವಿನ ದೂರ, ಬಾಯಿಗೂ ಮೈಕಿಗೂ ಇರುವ ದೂರದ ಮೂರರಷ್ಟಾದರೂ ಇರಲಿ, ಇಲ್ಲದಿದ್ದರೆ ಒಬ್ಬರ ದನಿ ಎರಡರಲ್ಲೂ ಸೇರಿ ಟೊಳ್ಳಾಗುತ್ತದೆ. ಎಕ್ಸ್‌ಎಲ್‌ಆರ್ ಕಂಡೆನ್ಸರಿಗೆ ಇಂಟರ್‌ಫೇಸಿನಲ್ಲಿ ವೈರಿನ ಮೂಲಕವೇ ಮೈಕಿಗೆ ವಿದ್ಯುತ್ ಕೊಡುವ 48 ವೋಲ್ಟಿನ ಫ್ಯಾಂಟಮ್ ಪವರ್ ಗುಂಡಿ ಇರಲೇಬೇಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಕಂಡೆನ್ಸರ್ ಕಿಟ್‌ಗಳಲ್ಲಿ ಒಂದು ಕಡೆ ಎಕ್ಸ್‌ಎಲ್‌ಆರ್, ಇನ್ನೊಂದು ಕಡೆ ಸಣ್ಣ ಪಿನ್ ಇರುವ ವೈರ್ ಕೊಟ್ಟಿರುತ್ತಾರೆ. ಲ್ಯಾಪ್‌ಟಾಪಿನ ಆ ಸಣ್ಣ ತೂತು ಕೆಲವೇ ವೋಲ್ಟ್ ಕೊಡುತ್ತದೆ. ದನಿ ಸಣ್ಣಗೆ ಬರುತ್ತದೆ, ಗೇನ್ ಏರಿಸಿದರೆ ಸುಸ್ ಎನ್ನುವ ಸದ್ದೇ ತುಂಬುತ್ತದೆ.

ಪಾಡ್‌ಕಾಸ್ಟ್ ಚಿತ್ರಗಳಲ್ಲಿ ಎಲ್ಲರ ಮುಂದೆ ಕಾಣುವ ಶೂರ್ ಎಸ್ಎಂ7ಬಿ ಮೈಕಿಗೆ ಆಸೆಪಡುವವರು ಒಂದು ತಿಳಿದಿರಿ: ಅದರ ಸಂಕೇತ ಬಹಳ ಸಣ್ಣದು, ಸುಮಾರು 60 ಡೆಸಿಬೆಲ್ ಶುದ್ಧ ಗೇನ್ ಬೇಕು. ಸಣ್ಣ ಇಂಟರ್‌ಫೇಸ್‌ಗಳು ಅಲ್ಲಿ ಏದುಸಿರು ಬಿಡುತ್ತವೆ. 1966ರಿಂದ ತಯಾರಾಗುತ್ತಿರುವ, ವೇದಿಕೆಯ ಮೇಲೆ ನಾವೆಲ್ಲ ಕಂಡ ಎಸ್ಎಂ58 ಮಾತಿಗೂ ಚೆನ್ನಾಗಿಯೇ ಹೊಂದುತ್ತದೆ. ಆದರೆ ಅದರ ನಕಲಿಗಳು ಬಹಳ. ಮಾಮೂಲಿ ಬೆಲೆಯ ಅರ್ಧಕ್ಕೆ ಹೊಸದು ಸಿಗುತ್ತದೆ ಎಂದರೆ ಮುಟ್ಟಬೇಡಿ, ಬಿಲ್ ಮತ್ತು ವಾರಂಟಿ ಚೀಟಿ ಇಲ್ಲದೆ ಕೊಳ್ಳಬೇಡಿ.

## ಹಂತ 7: ಇರುವ ಹಣವನ್ನು ಹಂಚಿ

ಹತ್ತು ಸಾವಿರ ಇದ್ದರೆ ಹತ್ತೂ ಸಾವಿರ ಮೈಕಿಗೆ ಸುರಿಯಬೇಡಿ. ಮೇಜಿಗೆ ಬಿಗಿಯುವ ತೋಳಿನಂಥ ಸ್ಟ್ಯಾಂಡ್, ಪಾಪ್ ಫಿಲ್ಟರ್ (ಬಾಯಿಂದ ಬಡಿಯುವ ಗಾಳಿಯನ್ನು ತಡೆಯುವ ಜಾಲರಿ), ಕಿವಿ ಮುಚ್ಚುವ ಹೆಡ್‌ಫೋನ್ ಈ ಮೂರಕ್ಕೆ ಮೊದಲು ತೆಗೆದಿಟ್ಟು ಉಳಿದದ್ದರಲ್ಲಿ ಮೈಕ್ ನೋಡಿ. ಪೆಟ್ಟಿಗೆಯೊಳಗೆ ಬರುವ ಮೋಟು ಸ್ಟ್ಯಾಂಡಿನಲ್ಲಿ ಮೈಕ್ ಎದೆಯ ಮಟ್ಟಕ್ಕೇ ನಿಲ್ಲುತ್ತದೆ, ದೂರ ಹೆಚ್ಚುತ್ತದೆ, ಮೇಜಿನ ಮೇಲೆ ಲೋಟ ಇಟ್ಟರೂ ದಡ್ ಎನ್ನುತ್ತದೆ. ಎರಡು ಸಾವಿರದೊಳಗೆ ಮಾತ್ರ ಇದೆ ಎನ್ನುವವರು ಕ್ಲಿಪ್ ಮೈಕ್ ಮತ್ತು ಕಂಬಳಿಯಲ್ಲೇ ಶುರುಮಾಡಿ. ಶಾಂತ ಕೋಣೆಯಲ್ಲಿ ಅದರಿಂದ ಬಂದ ಪಾಠಗಳನ್ನು ನಾನು ಸಂತೋಷದಿಂದ ಕೇಳಿದ್ದೇನೆ.

## ಹಂತ 8: ತಂದ ದಿನವೇ ಪರೀಕ್ಷಿಸಿ

ಮರಳಿಸುವ ಅವಧಿ ಕೆಲವೇ ದಿನ ಇರುತ್ತದೆ. ಹಬ್ಬ ಕಳೆಯಲಿ ಎಂದು ಪೆಟ್ಟಿಗೆ ಎತ್ತಿಡಬೇಡಿ.

ಮೈಕನ್ನು ಬಾಯಿಂದ ಅರ್ಧ ಗೇಣು ದೂರಕ್ಕೆ, ನೇರ ಬಾಯಿಗೆ ಹಿಡಿಯದೆ ತುಟಿಯ ಮೂಲೆಯ ಕಡೆಯಿಂದ ಸ್ವಲ್ಪ ಓರೆಯಾಗಿ ಇಡಿ. ಮುದ್ರಿಸುವ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ 48 ಕಿಲೋಹರ್ಟ್ಸ್, 24 ಬಿಟ್, ಮೋನೋ ಆಯ್ಕೆ ಮಾಡಿ. ಜೋರಾಗಿ ಮಾತಾಡಿದಾಗ ಮಟ್ಟ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಬರುವಂತೆ ಗೇನ್ ತಿರುಗಿಸಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಒಡೆದದ್ದನ್ನು ಪೂರ್ತಿ ಕೂಡಿಸಲಾಗದು.

ಈಗ ಇದನ್ನು ಓದಿ: "ಪುಟ್ಟಪ್ಪನ ಪಕ್ಕದ ಪೆಟ್ಟಿಗೆಯಲ್ಲಿ ಭತ್ತ, ಬೆಣ್ಣೆ, ಫಲಹಾರ. ಸಂಜೆ ಶಶಿಕಲಾ ಸಂತೆಯಿಂದ ಸಾಸಿವೆ ತಂದಳು." ಮೊದಲ ವಾಕ್ಯದಲ್ಲಿ ಪ, ಭ, ಫ ಬಂದಲ್ಲೆಲ್ಲ ದಬ್ ಎಂದು ಗಾಳಿ ಬಡಿದರೆ ಪಾಪ್ ಫಿಲ್ಟರ್ ಬೇಕು, ಅಥವಾ ಮೈಕ್ ಇನ್ನಷ್ಟು ಓರೆಯಾಗಬೇಕು. ವಚನ, ಕಾವ್ಯ ಓದುವವರಿಗೆ ಮಹಾಪ್ರಾಣಗಳು ಹೆಜ್ಜೆಹೆಜ್ಜೆಗೂ ಬರುತ್ತವೆ, ಇದನ್ನು ಬಿಡಬೇಡಿ. ಎರಡನೆಯ ವಾಕ್ಯದಲ್ಲಿ ಸ-ಶ ಕಿವಿಗೆ ಚುಚ್ಚಿದರೆ ಮೈಕನ್ನು ಮೂಗಿನ ಮಟ್ಟಕ್ಕೆ ಏರಿಸಿ ಕೆಳಮುಖವಾಗಿ ತಿರುಗಿಸಿ. ಆದರೂ ಚುಚ್ಚಿದರೆ ಆ ಮೈಕ್ ನಿಮ್ಮ ದನಿಗೆ ಹೊಂದುವುದಿಲ್ಲ, ಮರಳಿಸಿ. ದನಿ ಗಡಿಗೆಯೊಳಗಿಂದ ಬಂದಂತೆ ದಪ್ಪವಾಯಿತೇ? ತೀರಾ ಹತ್ತಿರ ಹೋಗಿದ್ದೀರಿ, ಎರಡು ಬೆರಳು ಹಿಂದೆ ಸರಿಯಿರಿ.

ಕಡೆಯ ಪರೀಕ್ಷೆ ಕರೆಂಟಿನದು. ಸುಮ್ಮನಿದ್ದಾಗ ಒಂದೇ ಸಮ ಗುಂಯ್ ಎನ್ನುತ್ತಿದ್ದರೆ ಅದು ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಸದ್ದು. ಲ್ಯಾಪ್‌ಟಾಪಿನ ಚಾರ್ಜರ್ ಕೀಳಿ. ನಿಂತಿತೇ? ಹಾಗಾದರೆ ಮೈಕಿನ ದೋಷವಲ್ಲ. ಮುದ್ರಣದ ಹೊತ್ತಿಗೆ ಬ್ಯಾಟರಿಯಲ್ಲೇ ನಡೆಸಿ, ಅಥವಾ ಅರ್ಥಿಂಗ್ ಸರಿಯಿರುವ ಬೇರೆ ಪ್ಲಗ್ಗಿಗೆ ಹಾಕಿ. ನಿಲ್ಲದಿದ್ದರೆ ಫ್ಯಾನ್ ರೆಗ್ಯುಲೇಟರ್, ಟ್ಯೂಬ್‌ಲೈಟ್ ಒಂದೊಂದಾಗಿ ಆರಿಸಿ ಕೇಳಿ, ವೈರನ್ನು ಕರೆಂಟ್ ವೈರಿನಿಂದ ದೂರ ಎಳೆಯಿರಿ. ವೈರ್ ಅಲುಗಿಸಿದಾಗ ಚಟಚಟ ಎಂದರೆ ಮೊದಲು ಬೇರೆ ವೈರ್ ಹಾಕಿ ನೋಡಿ. ಬೇರೆ ವೈರ್, ಬೇರೆ ಪ್ಲಗ್, ಬೇರೆ ಲ್ಯಾಪ್‌ಟಾಪ್ ಮೂರರಲ್ಲೂ ಅದೇ ಗುಂಯ್ ಅಥವಾ ಅದೇ ಚಟಚಟ ಉಳಿದರೆ ಮಾತ್ರ ಮೈಕನ್ನು ಪೆಟ್ಟಿಗೆಗೆ ಹಾಕಿ, ಬಿಲ್ ಜೊತೆಗಿಟ್ಟುಕೊಂಡು, ಈ ಪರೀಕ್ಷೆಯ ಮುದ್ರಣವನ್ನೂ ಫೋನಿನಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. ಅಲ್ಲಿ ಅದನ್ನು ಕೇಳಿಸಿದರೆ ಬದಲಾಯಿಸಿ ಕೊಡಲು ಹೆಚ್ಚು ವಾದ ಬರುವುದಿಲ್ಲ.